ಬಸಣ್ಣನ ವಲ್ಲಿಯ ತುಂಡು

ಬಸಣ್ಣ, ಎತ್ತುಗಳ ನೀರು ನಿಲ್ಲಿಸಿದವನು ನೀನಲ್ಲ — ನಾನು. ಇಷ್ಟು ಹೇಳಲು ನನ್ನ ತಲೆ ಪೂರ್ತಿ ನರೆಯಬೇಕಾಯಿತು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಶಿರಸಿಯ ಮಂಡಿಯೊಂದರ ಎದುರು ಗಾಡಿ ಎತ್ತುಗಳಿಗೆಂದು ಕಲ್ಲಿನ ತೊಟ್ಟಿಯಿತ್ತು. ಬನವಾಸಿ ಕಡೆಯ ನೀನು ದಿನಾ ಬೆಳಿಗ್ಗೆ ಬಾವಿಯಿಂದ ಸೇದಿ, ಹೊತ್ತು, ಮೇಲಿನ ಟಾಕಿ ತುಂಬಿಸುತ್ತಿದ್ದೆ; ಅಲ್ಲಿಂದ ಕೊಳವೆಯಲ್ಲಿ ತೊಟ್ಟಿಗೆ ನೀರು ಇಳಿಯುತ್ತಿತ್ತು. ನಾನು ಪೇಟೆಯ ನಲ್ಲಿ ರಿಪೇರಿಯವನು. ಒಂದು ದಿನ ತೊಟ್ಟಿಯ ವಾಲ್ವ್ ಸೋರುತ್ತಿದೆಯೆಂದು ಕರೆ ಬಂತು. ಬಿಚ್ಚಿದರೆ ಟಾಕಿಯ ನೀರೆಲ್ಲ ಹರಿದುಹೋಗುತ್ತದೆ. "ಚೆಲ್ಲಬ್ಯಾಡ್ರಿ ಸಾಬ್ರ" ಎಂದು ನೀನೇ ಹೆಗಲ ಮೇಲಿನ ವಲ್ಲಿಯ ಕೆಂಪಂಚು ಹರಿದುಕೊಟ್ಟೆ. ನಾನದನ್ನು ಕೊಳವೆಯ ಬಾಯಿಗೆ ತುರುಕಿದೆ. ವಾಶರ್ ಬದಲಿಸಿ, ವಾಲ್ವ್ ಬಿಗಿದು, ಬೀಡಿ ಹಚ್ಚಿದೆ — ತುರುಕಿದ್ದನ್ನು ತೆಗೆಯಲೇ ಇಲ್ಲ. ತೊಟ್ಟಿ ತುಂಬಿತ್ತು ನೋಡು, ನೀರು ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಗೋಜಿಗೂ ಹೋಗಲಿಲ್ಲ.

ಮರುದಿನ ಸಂತೆ. ಸಾಲುಗಟ್ಟಿ ಗಾಡಿಗಳು, ಬರಿದಾದ ತೊಟ್ಟಿ, ನೂಲಿನಷ್ಟು ಸಣ್ಣ ನೀರು. ಮಂಡಿಯ ಸಾಹುಕಾರರು ನನ್ನನ್ನು ಕರೆಸಿದರು. ನೀನು ಮೆಲ್ಲಗೆ ಕೇಳಿದೆ:

"ಆ ಚಿಂದಿ ತಗದೀರಿಲ್ರಿ ಸಾಬ್ರ?"

ಎಲ್ಲರೆದುರು ಕೇಳಿದೆಯಲ್ಲ — ನನಗೆ ಮೈಯೆಲ್ಲ ಉರಿಯಿತು.

"ತೆಗ್ದೇನೋ ಮಾರಾಯ! ನೀನು ಟಾಕಿ ತೊಳೆಯೋದಿಲ್ಲ, ಕೆಸರು ಕಟ್ಟಿದೆ" ಅಂದೆ.

ನೀನು ಟಾಕಿಯತ್ತ ಒಮ್ಮೆ ನೋಡಿ ಹಿಂದೆ ಸರಿದೆ. ನನ್ನನ್ನು ನಂಬಿದೆಯೋ, ಅಥವಾ... ಗೊತ್ತಿಲ್ಲ. ಮೂಕಪ್ರಾಣಿಗಳನ್ನು ನೀರಿಲ್ಲದೆ ಬಳಲಿಸಿದವನು ಎಂದು ಗಾಡಿಯವರು ನಿನಗೆ ಉಗಿದರು. ಸಾಹುಕಾರರು ಅಲ್ಲೇ ಕೆಲಸ ಬಿಡಿಸಿದರು. ನೀನು ಹಗ್ಗ, ಕೊಡ ಒಪ್ಪಿಸಿ ಹೋದ ಮೇಲೆ ನಾನು ವಾಲ್ವ್ ಬಿಚ್ಚಿದೆ. ಕೆಂಪಂಚು ಕಂಡಿತು. ಓಡಿದ್ದರೆ ನೀನು ತಿರುವಿನಲ್ಲೇ ಸಿಗುತ್ತಿದ್ದೆ. ನಾನು ಅದನ್ನು ಹಿಂಡಿ ಕಿಸೆಗೆ ಹಾಕಿಕೊಂಡೆ. ನೀರು ಭೋರೆಂದು ಬಂತು. ಕೈ ಅಂದರೆ ಸಾಬರ ಕೈ ಎಂದು ಎಲ್ಲರೂ ಹೊಗಳಿದರು, ನಾನು ನಕ್ಕೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವರ್ಷದ ಮೇಲೆ ನೀನು ಯಾರದೋ ಗಾಡಿ ಹೊಡೆದುಕೊಂಡು ಬಂದೆ. ಎತ್ತುಗಳನ್ನು ಆ ತೊಟ್ಟಿಗೆ ಬಿಡಲಿಲ್ಲ. ಹೋಟೆಲಿನ ಬಾವಿಯಿಂದ ಸೇದಿ ತಂದು ಕುಡಿಸಿದೆ. ನನ್ನನ್ನು ಕಂಡು ಕೈಮುಗಿದೆ.

"ಈಗ ನೀರು ಛಲೋ ಬರ್ತೈತಲ್ರಿ ಸಾಬ್ರ?"

ಹೂಂ ಅಂದೆ. ಅಷ್ಟೇ ಅಂದೆ.

ಆ ತುಂಡು ಇಂದಿಗೂ ನನ್ನ ಹತಾರದ ಪೆಟ್ಟಿಗೆಯಲ್ಲಿದೆ. ನೀನು ಬನವಾಸಿಯಲ್ಲೇ ಇದ್ದೀಯೆಂದು ಮೊನ್ನೆ ತಿಳಿಯಿತು. ನಾಳೆಯ ಬಸ್ಸಿಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅಂದು ಎಲ್ಲರೆದುರು ಕೇಳಿದ್ದೆಯಲ್ಲ, ಅದಕ್ಕೆ ನಿನ್ನ ಮನೆಮಂದಿಯೆದುರು ಉತ್ತರ ಹೇಳಬೇಕು — ತೆಗೆದಿರಲಿಲ್ಲ, ಬಸಣ್ಣ.