ಸೀರೆ ಬಿಡುವ ಭದ್ರಮ್ಮ

ರಾಣಿಯ ಬೆನ್ನ ಹಿಂದೆ, ನಾಟಕದ ಅರಮನೆ ಪರದೆಯ ಆಚೆ ಬದಿಗೆ, ಒಂದು ಮಣೆ ಹಾಕಿಕೊಂಡು ಭದ್ರಮ್ಮ ಕೂರುತ್ತಿದ್ದಳು. ಪರದೆಯಲ್ಲಿ ಬರೆದ ಎರಡು ಕಂಬಗಳ ನಡುವೆ, ನೆರಳಿನ ಕಪ್ಪು ಗೆರೆಯ ಉದ್ದಕ್ಕೂ, ಒಂದು ಸೀಳು. ಮುಂದೆ ಕೂತವರಿಗೆ ಅದು ಕಾಣುವುದಿಲ್ಲ. ವಸ್ತ್ರಾಪಹರಣದ ದೃಶ್ಯ ಬಂದಾಗ ಆ ಸೀಳಿನಿಂದ ಅವಳು ಸೀರೆ ಬಿಡುತ್ತಿದ್ದಳು. ಒಂದರ ಅಂಚಿಗೆ ಇನ್ನೊಂದನ್ನು ಹೊಲಿದ ತೆಳ್ಳನೆಯ ಸೀರೆಗಳು. ಹಳದಿ ಮುಗಿದರೆ ಹಸಿರು, ಹಸಿರು ಮುಗಿದರೆ ನೀಲಿ. ಅವಳ ಮಡಿಲಿನಿಂದ ಹೊರಟು, ರಾಣಿಯ ಸೊಂಟ ಬಳಸಿ, ಎಳೆಯುವ ಮೈದುನನ ಕೈಗೆ ಹೋಗುತ್ತಿದ್ದವು. ದೇವರು ಕಾಪಾಡಿದ ಎಂದು ಹೆಂಗಸರು ಕೂತಲ್ಲೇ ಕೈಮುಗಿಯುತ್ತಿದ್ದರು. ಸೊಳ್ಳೆ ಹೊಡೆದುಕೊಳ್ಳಲೂ ಬಿಡುವಿಲ್ಲದೆ ಭದ್ರಮ್ಮ ಬಟ್ಟೆ ಬಿಡುತ್ತಿದ್ದಳು.

ಅವಳ ಊರು ಅಮೃತೂರು. ಗಂಡ ಪುಟ್ಟರಂಗಯ್ಯ ಕುಣಿಗಲ್‌ನ ನಾಗೇಶನ, ನಾಟಕಗಳಿಗೆ ಪರದೆ, ಉಡುಪು ಬಾಡಿಗೆಗೆ ಕೊಡುವ ಸೀನರಿ ಕಂಪನಿಯಲ್ಲಿ ಲಾರಿಗೆ ಪರದೆ ಏರಿಸುವ ಕೆಲಸದಲ್ಲಿದ್ದ. ಅವನ ಜೊತೆ ಇವಳೂ ಉಡುಪು ಒಗೆಯಲು ಹೋದಳು. ಮಖಮಲ್ಲಿನ ಅಂಗಿಗಳನ್ನು ನೀರಿಗೆ ಹಾಕುವಂತಿಲ್ಲ. ಒಳಮೈ ತಿರುಗಿಸಿ ಬಿಸಿಲಿಗೆ ಒಡ್ಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ರಾಜರ ಬೆವರು, ಮಂತ್ರಿಗಳ ಬೆವರು, ಬೀಡಿಯ ವಾಸನೆ. ಗಂಡ ತೀರಿಕೊಂಡ ಮೇಲೂ ಅದೇ ಕೆಲಸ ಹಿಡಿದುಕೊಂಡಳು.

ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ಗಂಡು ಪಾತ್ರಗಳನ್ನು ಊರಿನವರೇ ದುಡ್ಡು ಕಟ್ಟಿ ಹಿಡಿಯುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ, ಅವರಿಗೆ ಸಂಭಾವನೆ ಕೊಡುತ್ತಾರೆ. ಹಾಗಾಗಿ ರಂಗದ ಮೇಲಿನ ಗಂಡಸರೆಲ್ಲ ಯಜಮಾನರು, ಹೆಂಗಸರು ಕೂಲಿಗೆ ಬಂದವರು. ಒಮ್ಮೆ ಹುತ್ರಿದುರ್ಗದ ಕಡೆ ಒಂದು ಊರಿನಲ್ಲಿ, ಬಂದ ನಟಿಗೆ ಬಟ್ಟೆ ಬದಲಿಸಲು ಜಾಗವೇ ಇರಲಿಲ್ಲ. ಶಾಲೆಯ ಒಂದೇ ಕೋಣೆ. ಅದರ ತುಂಬ ಗದೆ ಹಿಡಿದ ಗಂಡಸರು. ಭದ್ರಮ್ಮ ಮೂಲೆಯಲ್ಲಿ ಒಂದು ಜಮಖಾನ ಹಿಡಿದು, ಹುಡುಗಿಗೆ ಬೆನ್ನು ಮಾಡಿ ನಿಂತಳು. ಒಬ್ಬ ಇಣುಕಿದ.

"ಏನ್ಲಾ, ನಿನ್ ಮೀಸೆ ಬಿದ್ದೋಯ್ತಾ, ಹುಡುಕ್ಕೊಂಡ್ ಬಂದೆ?" ಎಂದಳು. ಅವನು ಅಂಟಿಸಿದ ಮೀಸೆ ಮುಟ್ಟಿ ನೋಡಿಕೊಂಡು ಹೋದ.

ಆಮೇಲೆ ನಟಿಯರು ನಾಗೇಶನಿಗೆ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಭದ್ರಮ್ಮ ಬರ್ತಾರಾ?" ಅವಳು ಬರುತ್ತಾಳೆ ಎಂದರೆ ಒಪ್ಪುತ್ತಿದ್ದರು. ಗೋಡೆಯ ಪೋಸ್ಟರಿನಲ್ಲಿ ಶಾಮಿಯಾನದವನ ಹೆಸರಿರುತ್ತಿತ್ತು, ಮೈಕಿನವನ ಫೋಟೋ ಇರುತ್ತಿತ್ತು. ಭದ್ರಮ್ಮನ ಹೆಸರು ಎಂದೂ ಬರಲಿಲ್ಲ. ಅವಳು ಅದನ್ನು ಬಯಸಲೂ ಇಲ್ಲ. ಅವಳಿಗಿದ್ದದ್ದು ಒಂದೇ ನೇಮ: ಪರದೆಯ ಹಿಂದಿನ ಕೈ ಪರದೆಯ ಮುಂದೆ ಕಾಣಬಾರದು.

ಸೀರೆ ಬಿಡುವುದರಲ್ಲಿ ಒಂದು ಕಷ್ಟವಿತ್ತು. ಬಟ್ಟೆ ಸುಮ್ಮನೆ ಸೊಂಟ ಬಳಸಿ ಹರಿದರೆ ಕಾಲಿಗೆ ಜಾರಿ, ನಟಿ ಮುಗ್ಗರಿಸುತ್ತಾಳೆ. ಅದಕ್ಕೆ ಅವಳ ಸೊಂಟದ ಪಟ್ಟಿಗೆ, ಹಿಂಬದಿಯಲ್ಲಿ, ಒಂದು ಹಿತ್ತಾಳೆಯ ಬಳೆ ಹೊಲಿದಿರುತ್ತಿದ್ದರು. ಬಟ್ಟೆ ಆ ಬಳೆಯೊಳಗೆ ಹಾದು ಮುಂದಕ್ಕೆ ಹೋಗಬೇಕು. ಪಾತ್ರಧಾರಿ ಹುರುಪಿನಲ್ಲಿ ಜೋರಾಗಿ ಎಳೆದರೆ, ಸೀರೆಯ ಜೋಡಣೆ ಬಳೆಯಲ್ಲಿ ಸಿಕ್ಕಿಕೊಂಡರೆ, ಬಟ್ಟೆಯ ಜೊತೆಗೆ ನಟಿಯೇ ಎಳೆದುಹೋಗುತ್ತಾಳೆ. ಭದ್ರಮ್ಮ ಬಳೆಯನ್ನು ನೂಲಿನ ಒಂಟಿ ಎಳೆಯಲ್ಲಿ ಹೊಲಿಯುತ್ತಿದ್ದಳು. ಜೋರು ಬಿದ್ದರೆ ದಾರ ತುಂಡಾಗಬೇಕು, ಬಳೆ ಕಳಚಬೇಕು, ಹುಡುಗಿ ಉಳಿಯಬೇಕು.

"ಈ ಹೊಲಿಗೆ ಹಿಡ್ಕೊಳಾಕಲ್ಲ ಕಣವ್ವ, ಕಿತ್ತೋಗಾಕೆ," ಎಂದು ಹೊಸ ಹುಡುಗಿಯರಿಗೆ ಹೇಳುತ್ತಿದ್ದಳು.

ಕಾವ್ಯ ಹೊಸಬಳಲ್ಲ. ತುಮಕೂರಿನ ಶಿರಾ ಗೇಟ್ ಕಡೆ ಬಾಡಿಗೆ ಮನೆಯಲ್ಲಿ ಮಗಳು ಅನನ್ಯಳ ಜೊತೆ ಇದ್ದಳು. ಒಳ್ಳೆಯ ಕಂಠ. ಬೇರೊಂದು ಕಂಪನಿಯ ನಾಟಕದಲ್ಲಿ, ಭದ್ರಮ್ಮ ಇಲ್ಲದ ದಿನ, ಅವಳಿಗೆ ಒಂದು ಅವಮಾನ ಆಗಿತ್ತು. ಬಳೆ ಕಿತ್ತು ಬರುವಾಗ ಒಳಸೀರೆಯ ಪಿನ್ನನ್ನೂ ಕಿತ್ತುಕೊಂಡು ಬಂದು, ಸಭೆಯ ಎದುರೇ ಆ ಸೀರೆಯೂ ಜಾರಿತ್ತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಆ ವಿಡಿಯೋ ಅನನ್ಯಳ ಸ್ಕೂಲಿನವರೆಗೂ ಹೋಯಿತು. ಅಂದಿನಿಂದ ಹುಡುಗಿ ತಾಯಿಯ ಜೊತೆ ಒಂದೇ ಬಸ್ಸು ಹತ್ತುತ್ತಿರಲಿಲ್ಲ.

ಅದಾಗಿ ಬಹಳ ದಿನ ಕಾವ್ಯ ಪಾತ್ರ ಮುಟ್ಟಲಿಲ್ಲ. ಕೊನೆಗೆ ತುಮಕೂರಿನ ಒಂದು ಸಭಾಂಗಣದಲ್ಲಿ ಭಾನುವಾರ ಹಗಲಿನ ನಾಟಕಕ್ಕೆ ಒಪ್ಪಿದಳು. ಭದ್ರಮ್ಮ ಬರುತ್ತಾಳೆ ಎಂಬ ಒಂದೇ ಧೈರ್ಯದಲ್ಲಿ ಒಪ್ಪಿದಳು.

ಸೀರೆ ಸೆಳೆಯುವ ಮೈದುನನ ಪಾತ್ರವನ್ನು ಗುಬ್ಬಿಯ ರಂಗನಾಥ್ ಹಿಡಿದಿದ್ದ. ಬಿದರೆಹಳ್ಳಿ ಕಾವಲ್‌ನ ಕಾರ್ಖಾನೆಗೆ ಜನರನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದ. ಸ್ಟಿಯರಿಂಗ್ ಹಿಡಿದೇ ಕಂದಪದ್ಯ ಬಾಯಿಪಾಠ ಮಾಡಿದವನು. ಕೆಟ್ಟವನಲ್ಲ. ತಾಲೀಮಿನಲ್ಲಿ ಸೀರೆಯನ್ನು ಹಸುವಿನ ಹಗ್ಗ ಹಿಡಿದ ಹಾಗೆ ಮೆತ್ತಗೆ ಎಳೆದಿದ್ದ.

ಆ ಬೆಳಿಗ್ಗೆ ಮುಖಕ್ಕೆ ಬಣ್ಣ ಬಳಿಸಿಕೊಳ್ಳುತ್ತ ಕೂತಿದ್ದವನ ಹತ್ತಿರ ಭದ್ರಮ್ಮ ಹೋದಳು.

"ರಂಗಣ್ಣ, ನಿಧಾನಕ್ಕೆ ಎಳಿಯಪ್ಪ. ಅದು ಹೆಣ್ಮಗ, ಕೆಟ್ಟು ನಿಂತ ವ್ಯಾನಲ್ಲ."

ಸುತ್ತಲಿದ್ದವರು ನಕ್ಕರು. ದೇವರ ಪಾತ್ರದವನು ಕಿರೀಟ ತೊಡೆಯ ಮೇಲಿಟ್ಟುಕೊಂಡು ಇಡ್ಲಿ ತಿನ್ನುತ್ತಿದ್ದ. ಅವನಿಗೆ ನಗು ನೆತ್ತಿಗೇರಿತು.

"ಅಯ್ಯೋ ಬುಡಮ್ಮ," ಎಂದ ರಂಗನಾಥ್. "ನಮ್ ಹುಡುಗ್ರು ಎರಡು ಗಾಡಿ ತುಂಬ ಬಂದವ್ರೆ. ನಿಧಾನಕ್ಕೆ ಎಳೆದ್ರೆ ವರ್ಷೆಲ್ಲ ಆಡ್ಕೊಂತಾರೆ."

ಒಳಗೆ ಕಾವ್ಯ ಕೆಂಪು ಒಳಸೀರೆ ಉಟ್ಟು, ಸೊಂಟದ ಪಟ್ಟಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ಜೊತೆಗೆ ಒಂದು ದಾರದುಂಡೆ.

"ಅಕ್ಕ, ಬಳೇನ ಇದ್ರಲ್ಲಿ ಹೊಲಿ."

ಭದ್ರಮ್ಮ ಉಂಡೆಯನ್ನು ತಿರುಗಿಸಿ ನೋಡಿದಳು. "ಇದೇನೇ, ಕೊಬ್ಬರಿ ಚೀಲ ಹೊಲಿಯೋ ದಾರ!"

"ಕೊಬ್ಬರಿಗಿರೋ ಮರ್ಯಾದೆನಾದ್ರೂ ನಂಗಿರ್ಲಿ."

"ನೈಲಾನು ಕಣೇ. ಪ್ರಾಣ ಹೋದ್ರೂ ಕಿತ್ಕೊಳಲ್ಲ."

"ಕಿತ್ಕೋಬಾರ್ದು ಅಂತಾನೇ ತಂದಿದೀನಿ."

"ಜೋರಾಗಿ ಎಳೆದ್ರೆ ನೀನೇ ಬೀಳ್ತೀಯ."

"ಬಿದ್ರೆ ಬೀಳ್ತೀನಿ. ಬಿದ್ದೋರನ್ನ ಯಾರೂ ವಿಡಿಯೋ ಮಾಡಿ ಕಳ್ಸಲ್ಲ." ಕಾವ್ಯಳ ತುಟಿಯ ಬಣ್ಣ ಇನ್ನೂ ಹಸಿಯಾಗಿತ್ತು, ಅದು ಕೆಡದ ಹಾಗೆ ಬಾಯಿ ತೆರೆದೇ ಅತ್ತಳು. "ಮಗಳು ಬಂದು ಕೂತವ್ಳೆ ಅಕ್ಕ. ಹಿಂದಿನ ಸಾಲು. ನೋಡ್ತೀನಿ ಅಂತ ಅವಳೇ ಬಂದಿದಾಳೆ. ಗಟ್ಟಿಯಾಗಿ ಹೊಲಿ."

ಭದ್ರಮ್ಮನಿಗೆ ಒಂದು ಯೋಚನೆ ಬಂತು. ಆ ದಾರವನ್ನು ಸೆರಗಿಗೆ ಕಟ್ಟಿಕೊಂಡು, ತನ್ನ ನೂಲಿನಲ್ಲೇ ಒಂಟಿ ಎಳೆ ಹಾಕಿ, ಗಟ್ಟಿ ಐತೆ ಎಂದು ಸುಳ್ಳು ಹೇಳಬಹುದು. ಬೆನ್ನ ಹಿಂದಿನ ಹೊಲಿಗೆ ಯಾರಿಗೆ ಕಾಣುತ್ತದೆ? ಆದರೆ ಇಷ್ಟು ವರ್ಷ ಹೆಣ್ಣುಮಕ್ಕಳು ಅವಳಿಗೆ ಬೆನ್ನು ಕೊಟ್ಟು ನಿಂತದ್ದು, ಮಾಡುತ್ತೇನೆ ಎಂದದ್ದನ್ನೇ ಅವಳು ಮಾಡುತ್ತಾಳೆ ಎಂಬ ನಂಬಿಕೆಯಿಂದ. ಅವಳು ಉಂಡೆಯಿಂದ ದಾರ ಕತ್ತರಿಸಿದಳು. ಸೂಜಿ ಹೋಗದ ಕಡೆ ಹಲ್ಲಿನಿಂದ ಎಳೆದು, ಹೇಳಿದ ಹಾಗೆಯೇ ಹೊಲಿದಳು.

ದೃಶ್ಯ ಶುರುವಾಯಿತು. ಪರದೆಯ ಹಿಂದೆ ಭದ್ರಮ್ಮನಿಗೆ ಏನೂ ಕಾಣುವುದಿಲ್ಲ; ಬಟ್ಟೆಯೇ ಎಲ್ಲವನ್ನೂ ಹೇಳಬೇಕು. ಹಳದಿ ಸಲೀಸಾಗಿ ಹೋಯಿತು. ಕಾವ್ಯ ಸುತ್ತುತ್ತಿದ್ದಾಳೆ, ಉಸಿರು ಸರಿಯಾಗಿದೆ, ರಾಗ ಸರಿಯಾಗಿದೆ. "ಅಣ್ಣಾ... ಅಣ್ಣಾ..." ಎಂದು ದೇವರನ್ನು ಕರೆಯುತ್ತಿದ್ದಾಳೆ. ಹಾರ್ಮೋನಿಯಂ ಮೇಷ್ಟ್ರು ವೆಂಕಟರಂಗಯ್ಯ ಅವಳ ಹಿಂದೆಯೇ ಸ್ವರ ಹಿಡಿದಿದ್ದರು. ಹಸಿರು ಅರ್ಧ ಹೋಯಿತು. ಮುಂದಿನಿಂದ ಸಿಳ್ಳೆ ಕೇಳಿಸಿತು. "ಎಳೀಲಾ ರಂಗಾ!" ಎಂದು ಯಾರೋ ಕೂಗಿದರು. ಬಟ್ಟೆ ಅವಳ ಕೈಯಿಂದ ಹಾರಿಹೋಗುವಂತೆ ಓಡಿತು. ರಂಗನಾಥ್ ಅದನ್ನು ಮೊಳಕೈವರೆಗೆ ಸುತ್ತಿಕೊಂಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಹಸಿರು ಮುಗಿದು ನೀಲಿಯ ಜೋಡಣೆ ಬಂತು.

ಬಟ್ಟೆ ನಿಂತಿತು.

ಬಿಗಿಯಾಗಿ ನಡುಗುತ್ತ ನಿಂತಿತು. ಸಡಿಲ ಬಿಡುತ್ತಾನೆ, ತಾಲೀಮಿನಲ್ಲಿ ಬಿಟ್ಟಿದ್ದನಲ್ಲ, ಎಂದುಕೊಂಡು ಅವಳು ಕಾದಳು. ಹಲಗೆಯ ಮೇಲೆ ಹಿಮ್ಮಡಿ ಉಜ್ಜುವ ಸದ್ದು ಕೇಳಿಸಿತು. "ಅಣ್ಣಾ..." ಎಂದಳು ಕಾವ್ಯ. ಮತ್ತೆ ಸದ್ದು. ಆಮೇಲೆ, ರಾಗ ಬಿಟ್ಟು, ಮನೆಯ ಬಾಗಿಲಲ್ಲಿ ನಿಂತು ಕರೆದ ದನಿಯಲ್ಲಿ: "ಅಕ್ಕಾ!"

ಸಭೆ ಚಪ್ಪಾಳೆ ತಟ್ಟಿತು. ಒನ್ಸ್ ಮೋರ್ ಎಂದಿತು.

ಬಳೆಯ ಹತ್ತಿರ ಬಟ್ಟೆ ಕತ್ತರಿಸಲು ಭದ್ರಮ್ಮ ಕತ್ತರಿ ಹಿಡಿದು ಎದ್ದಳು. ಸೀಳಿಗೆ ಕೈ ಹಾಕಿದಳು. ಅಲ್ಲಿ ಅವಳ ಕೈ ನಿಂತುಬಿಟ್ಟಿತು. ಒಂದು ಉಸಿರಿನಷ್ಟು ಹೊತ್ತು ಇರಬಹುದು. ಆಮೇಲೆ ಪರದೆ ಸರಿಸಿ ಅರಮನೆಯ ಎರಡು ಕಂಬಗಳ ನಡುವಿನಿಂದ ಹೊರಗೆ ಬಂದಳು.

ದೀಪ ಕಣ್ಣಿಗೆ ಬಿತ್ತು. ಸಭೆ ಎಂಬುದನ್ನು ರಂಗದ ಮೇಲಿನಿಂದ ಅವಳು ನೋಡಿದ್ದು ಅದೇ ಮೊದಲು: ಮುಖಗಳಿರಲಿಲ್ಲ, ಎತ್ತಿ ಹಿಡಿದ ಮೊಬೈಲುಗಳು. ಹಳೆಯ ಸೀರೆಯ ಮುದುಕಿಯೊಬ್ಬಳು ಕತ್ತರಿ ಹಿಡಿದು ಹಸ್ತಿನಾವತಿಯ ಗೋಡೆಯಿಂದ ಹೊರಬಂದದ್ದು ಕಂಡು ಜನ ಹೋ ಎಂದು ನಕ್ಕರು. ಆ ನಗುವಿಗೆ ರಂಗನಾಥ್ ತಿರುಗಿ ನೋಡಿದ. ಗಾಬರಿಯಲ್ಲಿ ಒಂದು ಹೆಜ್ಜೆ ಹಿಂದಿಟ್ಟ. ಅವನು ಆಗಲೇ ರಂಗದ ಅಂಚಿನಲ್ಲಿದ್ದ.

ಅವನು ಕೆಳಗೆ ನಿಂತ ತನ್ನ ಹುಡುಗರ ಮೇಲೆ ಬಿದ್ದ. ಕೈಗೆ ಸುತ್ತಿದ್ದ ಬಟ್ಟೆ ಕಾವ್ಯಳನ್ನೂ ಎಳೆದುಕೊಂಡಿತು. ಅವಳು ಸ್ಪೀಕರಿನ ಕಬ್ಬಿಣದ ಸ್ಟ್ಯಾಂಡಿಗೆ ಸೊಂಟ ಬಡಿಸಿಕೊಂಡು ಸಿಮೆಂಟಿನ ಮೇಲೆ ಬಿದ್ದಳು.

ಕೆಂಪು ಸೀರೆಯ ಒಂದು ನೆರಿಗೆಯೂ ಜಾರಿರಲಿಲ್ಲ. ಆಸ್ಪತ್ರೆಯಲ್ಲಿ ಆ ಸೊಂಟದ ಪಟ್ಟಿ ಬಿಚ್ಚಲು ಬಾರದೆ ನರ್ಸು ಕತ್ತರಿ ಹಾಕಬೇಕಾಯಿತು. ದಾರ ಹಾಗೇ ಇತ್ತು.

ನಾಟಕ ನಿಲ್ಲಲಿಲ್ಲ. ದೇವರ ಪಾತ್ರದವನೂ ದುಡ್ಡು ಕಟ್ಟಿದ್ದ. ಅವನ ಮಾವನ ಮನೆಯವರು ಹಾರ ಹಿಡಿದು ಕಾದಿದ್ದರು. ಅತ್ತೆಯ ಪಾತ್ರಕ್ಕೆ ಬಂದಿದ್ದ ನಟಿಗೆ ರಾಣಿಯ ಕಿರೀಟ ಇಟ್ಟು ಮುಂದುವರಿಸಿದರು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಇನ್ನು ಹೆಚ್ಚು ಹೊತ್ತು ನಿಲ್ಲುವಂತಿಲ್ಲ, ಸುತ್ತುವಂತಿಲ್ಲ ಎಂದರು. ಬಿದ್ದ ದಿನ ರಾತ್ರಿಯೇ ರಂಗನಾಥ್ ಕೈಗೆ ಪಟ್ಟಿ ಸುತ್ತಿಕೊಂಡು, ಎಳನೀರಿನ ಗೊನೆ ಹಿಡಿದು ಬಂದು ವಾರ್ಡಿನ ಬಾಗಿಲಲ್ಲಿ ನಿಂತ. ಮೀಸೆಯ ಅಂಟು ಇನ್ನೂ ತುಟಿಯ ಮೇಲಿತ್ತು.

"ಬೇಕಂತ ಮಾಡ್ಲಿಲ್ಲಮ್ಮ," ಎಂದು ಮಂಚದ ಪಕ್ಕದಲ್ಲಿದ್ದ ಭದ್ರಮ್ಮನಿಗೆ ಹೇಳಿದ. "ಬಟ್ಟೆ ಬರ್ತಾನೇ ಇತ್ತು. ಅಲ್ಲಿ ಹೆಣ್ಮಗ ಐತೆ ಅನ್ನೋದೇ ಮರ್ತೋಯ್ತು."

ಅವನು ಗೊನೆಯನ್ನು ಮಂಚದ ಕೆಳಗಿಟ್ಟು ಹೋದ.

ಆ ಮುದುಕಿ ಹೊರಗೆ ಬರದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ನಾಟಕದವರು ಹೇಳಿದರು. ಇನ್ನೂ ಮೊದಲೇ ಬಂದಿದ್ದರೆ ಆಗುತ್ತಿರಲಿಲ್ಲ ಎಂದು ಭದ್ರಮ್ಮ ತನಗೆ ತಾನೇ ಹೇಳಿಕೊಂಡಳು. ಬಿದ್ದವರ ವಿಡಿಯೋ ಯಾರೂ ಕಳಿಸುವುದಿಲ್ಲ ಎಂದಿದ್ದಳಲ್ಲ ಕಾವ್ಯ. ಈ ವಿಡಿಯೋವನ್ನೂ ಕಳಿಸಿದರು. ಆದರೆ ಅದರಲ್ಲಿ ಬೀಳುವುದು ಇರಲಿಲ್ಲ. ಕತ್ತರಿ ಹಿಡಿದ ಅಜ್ಜಿ ಅರಮನೆಯಿಂದ ಬರುವಷ್ಟು ಮಾತ್ರ ಇತ್ತು, ಕೆಳಗೆ ನಗುವ ಗುರುತುಗಳ ಜೊತೆ.

ನಾಗೇಶ್ ಅಮೃತೂರಿಗೇ ಬಂದು ಹೇಳಿದ. "ಸ್ವಲ್ಪ ದಿನ ಬರಬ್ಯಾಡಕ್ಕ. ನಿನ್ ಮುಖ ಎಲ್ರಿಗೂ ಗೊತ್ತಾಗ್ಬಿಟ್ಟೈತೆ."

"ಸೀರೆ ಯಾರ್ ಬುಡ್ತಾರಪ್ಪ?"

"ಆ ಸೀನೇ ಬ್ಯಾಡ ಅಂತಿದಾರೆ. ಹಿಂದುಗಡೆ ದೊಡ್ಡ ಟೀವಿ ಹಾಕಿ ಅದ್ರಲ್ಲೇ ಸೀರೆ ಬರೋ ಹಂಗ್ ತೋರಿಸ್ತಾರಂತೆ."

ಭದ್ರಮ್ಮ ತಲೆಯಾಡಿಸಿದಳು. ಅವನಿಗೆ ಕಾಫಿ ಕೊಟ್ಟಳು. ಕಂಪನಿಯ ಕತ್ತರಿಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು.

ಈಗ ಅವಳು ಕುಣಿಗಲ್ ಮೇಲೆ ಹೋಗುವ ತುಮಕೂರಿನ ಬಸ್ಸು ಹತ್ತುವುದು ಕಾವ್ಯಳಿಗೆ ಸೀರೆ ಉಡಿಸಲು. ಮನೆಯಲ್ಲಿ ನೈಟಿ ಸಾಕು. ಹೊರಗೆ ಹೋಗುವ ದಿನ ಮಾತ್ರ ಭದ್ರಮ್ಮ ಬೇಕು. ಕಾವ್ಯ ತಾನಾಗಿ ಬಗ್ಗಿ ನೆರಿಗೆ ಹಿಡಿಯಲಾರಳು. ಹೊಲಿಗೆ ಹಾಕಿದ ಜಾಗಕ್ಕೆ ಬಿಗಿ ಬೀಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಲಂಗದ ಲಾಡಿಯೂ ಸಡಿಲವಿರಬೇಕು.

ಅನನ್ಯಳ ಸ್ಕೂಲಿನಲ್ಲಿ ತಾಯಂದಿರನ್ನು ಕರೆದ ದಿನ. ಹುಡುಗಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು, ಒಳಗೆ ನೋಡದೆ ಕಾಯುತ್ತಿದ್ದಳು. ಕಾವ್ಯ ಕಿಟಕಿಯ ಸರಳು ಹಿಡಿದು, ಭದ್ರಮ್ಮನಿಗೆ ಬೆನ್ನು ಕೊಟ್ಟು ನಿಂತಳು.

"ಗಟ್ಟಿಯಾಗಿ ಕಟ್ಟಕ್ಕ," ಎಂದು ಪಿಸುಗುಟ್ಟಿದಳು. "ದಾರೀಲಿ ಬಿಚ್ಚೋದ್ರೆ?"

ಭದ್ರಮ್ಮನ ಬಾಯಲ್ಲಿ ಪಿನ್ನುಗಳಿದ್ದವು. ಲಾಡಿಯನ್ನು ಎಳೆದರೆ ಜಾರುವ ಹಾಗೆ ಗಂಟು ಹಾಕಿದಳು. ನೆರಿಗೆಯನ್ನು ನೂಲಿನ ಒಂಟಿ ಎಳೆಯಲ್ಲಿ ಒಂದೇ ಒಂದು ಹೊಲಿಗೆ ಹಾಕಿ ನಿಲ್ಲಿಸಿದಳು.

"ಗಟ್ಟಿ ಐತೇನಕ್ಕ?"

"ಕಲ್ಲು ಕಟ್ಟಿದಂಗೈತೆ. ನಡಿ."

ಕಾವ್ಯ ವಾಕರ್ ಊರಿ ಹೊರಟಳು. ಮಗಳು ಮುಂದೆ ನಡೆದಳು, ಒಮ್ಮೆ ನಿಂತಳು, ತಾಯಿ ಹತ್ತಿರ ಬರುವವರೆಗೆ ಕಾದಳು. ಅವರ ಒಂದು ಹೆಜ್ಜೆ ಹಿಂದೆ ಭದ್ರಮ್ಮ ಹೋಗುತ್ತಿದ್ದಳು. ಕಾವ್ಯಳ ಸೀರೆಯ, ಸೊಂಟದ ಹತ್ತಿರದ ಮಡಿಕೆಯನ್ನು, ಬೀದಿಯವರಿಗೆ ಕಾಣದ ಹಾಗೆ, ಎರಡು ಬೆರಳಲ್ಲಿ ಹಿಡಿದುಕೊಂಡಿದ್ದಳು.