ವೆಂಕಟಗಿರಿ ತುಂಬಿಸಿದ ಸ್ಟೇಡಿಯಂ

ನಮ್ಮ ವೆಂಕಟಗಿರಿಗೆ ಬೇಸ್‌ಬಾಲ್ ಹುಚ್ಚು ಯಾವಾಗ ಹಿಡಿಯಿತೋ ಅವನ ಹೆಂಡತಿ ಕುಮುದಾಗೂ ಗೊತ್ತಿಲ್ಲ. ಮೈಸೂರಿನವನು. ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಹತ್ತು ವರ್ಷ ಸಾಫ್ಟ್‌ವೇರ್ ಬರೆದು, ಅದನ್ನು ಬಿಟ್ಟು ಅಲ್ಲೇ ಹೊರವಲಯದ ಒಂದು ಸಣ್ಣ ಬೇಸ್‌ಬಾಲ್ ತಂಡಕ್ಕೆ ಸೇರಿದ. ಯಾವ ಆಟಗಾರ ಬೇಕು, ಯಾರು ಬೇಡ ಎಂದು ಅಂಕಿಅಂಶ ನೋಡಿ ಹೇಳುವ ಕೆಲಸ. ಹೇಳುವುದಷ್ಟೇ ಇವನ ಕೆಲಸ, ಕೇಳುವುದು ಯಾರ ಕೆಲಸವೂ ಅಲ್ಲ ಎಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು.

ತಂಡದ ಓನರ್ ಕೆಟ್ಟವನಲ್ಲ, ಸಿಕ್ಕಾಗಲೆಲ್ಲ ಬೆನ್ನು ತಟ್ಟುತ್ತಾನೆ. ಆದರೆ ಅವನ ಧ್ಯಾನವೆಲ್ಲ ಹೊಸ ಪಾರ್ಕಿಂಗ್, ದುಡ್ಡಿದ್ದವರು ಕೂತು ನೋಡುವ ಎ.ಸಿ. ಬಾಕ್ಸ್, ಹದಿನಾಲ್ಕು ಬಗೆಯ ಹಾಟ್‌ಡಾಗ್ ಮೇಲೆ. ಪಿಚರ್, ಅಂದರೆ ಚೆಂಡು ಎಸೆಯುವವನು, ಸರಿಯಿಲ್ಲದೆ ತಂಡ ಪ್ರತಿ ವರ್ಷ ಕೊನೆಯ ಸ್ಥಾನದಲ್ಲಿ ಬಿದ್ದಿರುತ್ತಿತ್ತು. ಕಡೆಗೆ ವೆಂಕಟಗಿರಿ ಎಲ್ಲಿಂದಲೋ ಮಾರ್ಕೋಸ್ ಎಂಬ ಎಡಗೈ ಪಿಚರ್‌ನನ್ನು ಹುಡುಕಿ ತಂದ. ಅವನು ಎಸೆದ ದಿನವೆಲ್ಲ ಗೆಲುವು. ಅಷ್ಟರಲ್ಲೇ ಪಾರ್ಕಿಂಗ್ ಖರ್ಚಿಗೆಂದು ಅವನನ್ನು ಬೇರೆ ತಂಡಕ್ಕೆ ಮಾರುತ್ತಾರಂತೆ ಎಂಬ ಸುದ್ದಿ ಹಬ್ಬಿತು. "ನನ್ನನ್ನ ಉಳಿಸ್ಕೋತಾರಾ?" ಎಂದು ಮಾರ್ಕೋಸ್ ಕೇಳಿದ್ದಕ್ಕೆ ಇವನು, "ನಾನು ಮಾತಾಡ್ತೀನಿ" ಅಂದುಬಿಟ್ಟ.

ನೇರವಾಗಿ ಹೋಗಿ ಕೇಳುವುದು ವೆಂಕಟಗಿರಿಯ ಜಾಯಮಾನವಲ್ಲ. ದೊಡ್ಡವರನ್ನು ಮೊದಲು ಏನಾದರೂ ಮಾಡಿ ಸಂತೋಷಪಡಿಸಬೇಕು, ಆಮೇಲೆ ಮೆಲ್ಲಗೆ ಬಾಯಿ ಬಿಡಬೇಕು. ನಾವೆಲ್ಲ ಕಲಿತದ್ದು ಅದನ್ನೇ. ಸ್ಟೇಡಿಯಂಗೆ ಇಂಡಿಯನ್ನರನ್ನು ಸೇರಿಸುವ ಆಸೆ ಓನರ್‌ಗೆ ಬಹಳ ದಿನದಿಂದ ಇತ್ತು. ವೆಂಕಟಗಿರಿ ನಮ್ಮ ಕನ್ನಡ ಕೂಟದವರಿಗೆಲ್ಲ ಫೋನ್ ಮಾಡತೊಡಗಿದ.

"ಅಂಕಲ್, ಒಂದು ಶನಿವಾರ ಮಧ್ಯಾಹ್ನ ಅಷ್ಟೇ. ಬಿಸಿಬೇಳೆಬಾತ್ ಸ್ಟಾಲ್ ಹಾಕಿಸ್ತೀನಿ. ಯಾರೂ ಮಿಸ್ ಮಾಡ್ಬೇಡಿ," ಎಂದು ನನಗೂ ಹೇಳಿದ.

ಹತ್ತಿರದ ಇರ್ವಿಂಗ್‌ನವರಷ್ಟೇ ಅಲ್ಲ, ಮೂರ್ನಾಲ್ಕು ಗಂಟೆ ದಾರಿಯ ಆಸ್ಟಿನ್, ಹ್ಯೂಸ್ಟನ್‌ನಿಂದಲೂ ಡ್ರೈವ್ ಮಾಡಿಕೊಂಡು ಬಂದರು. ಒಂದು ಸೀಟೂ ಖಾಲಿ ಇರಲಿಲ್ಲ. ಒಮ್ಮೆ ಎಸೆದ ಪಿಚರ್‌ಗೆ ನಾಲ್ಕೈದು ದಿನ ಬಿಡುವು ಬೇಕು, ಅಂದು ಮಾರ್ಕೋಸ್‌ಗೆ ವಿಶ್ರಾಂತಿಯ ದಿನ. ತಂಡ ಹನ್ನೊಂದು–ಸೊನ್ನೆಯಿಂದ ಸೋತಿತು. ನಾವು ಸ್ಕೋರ್ ಕಡೆ ನೋಡಲೇ ಇಲ್ಲ. ಎರಡೆರಡು ಸಲ ಬಾತ್ ಹಾಕಿಸಿಕೊಂಡು, ಕಂಡದ್ದಕ್ಕೆಲ್ಲ ಚಪ್ಪಾಳೆ ತಟ್ಟಿದೆವು.

ಸೋಮವಾರ ವೆಂಕಟಗಿರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಓನರ್ ಕೋಣೆಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಓನರ್ ಎದ್ದು ಬಂದು ತಬ್ಬಿಕೊಂಡ.

"ನಾಲ್ಕು ವರ್ಷದಿಂದ ಪಿಚರ್, ಪಿಚರ್ ಅಂತಿದ್ದೆಯಲ್ಲ? ನೋಡು, ಒಳ್ಳೇ ಪಿಚರ್ ಇಲ್ಲದೆ ಸೋತರೂ ಸ್ಟೇಡಿಯಂ ತುಂಬಿತು. ನೀನೇ ತೋರಿಸಿಕೊಟ್ಟೆ," ಎಂದ.

ವೆಂಕಟಗಿರಿಯ ಬಾಯಿಂದ ಹೊರಟದ್ದು ಒಂದೇ ಮಾತು. "ಥ್ಯಾಂಕ್ ಯು ಸರ್."

ಇದನ್ನು ನನಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಗುರುವಾರ ಮಾರ್ಕೋಸ್‌ನನ್ನು ಮಾರಿದರು. ಹೊರಡುವ ಮುಂಚೆ ಅವನು ಇವನ ಮೇಜಿನ ಬಳಿ ಬಂದು, "ನನಗೋಸ್ಕರ ಮಾತಾಡಿದ್ದಕ್ಕೆ ಥ್ಯಾಂಕ್ಸ್" ಎಂದು ಕೈ ಕುಲುಕಿದನಂತೆ.

ಈಗ ಯುಗಾದಿಗೂ ಜನ ಸೇರಿಸು ಎಂದು ಓನರ್ ಹೇಳಿದ್ದಾನೆ. ನಿನ್ನೆ ವೆಂಕಟಗಿರಿ ಫೋನ್ ಮಾಡಿದ್ದ.

"ಎಷ್ಟು ಟಿಕೆಟ್ ಅಂಕಲ್?"

ಬೇಡ ಅನ್ನಬೇಕೆಂದೇ ಇದ್ದೆ. ಆ ಧ್ವನಿ ಕೇಳಿ ಆಗಲಿಲ್ಲ.

"ಹೋದ ಸಲದಷ್ಟೇ ಇರ್ಲಿ," ಅಂದೆ. "ಹನ್ನೆರಡು."