ಪಕ್ಕೀರವ್ವ ಆರಿಸಿದ ಡೊಂಕು

ಕೊಪ್ಪಳದ ಪಕ್ಕದ ಭಾಗ್ಯನಗರದ ಒಂದು ಸರ್ಕಾರಿ ಶಾಲೆಯ ಜಗುಲಿಯಲ್ಲಿ ಮೂರನೇ ಸಲ ಗಿಟಾರಿನ ತಲೆ ಮುರಿದು ಬಿತ್ತು. ಅಡುಗೆ ಕೋಣೆಯಲ್ಲಿ ಬಿಸಿಯೂಟದ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಪಕ್ಕೀರವ್ವ ಆ ಸದ್ದಿಗೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಗಣಿತದ ಪ್ರವೀಣಕುಮಾರ ಮಾಸ್ತರು ಒಂದು ಕೈಯಲ್ಲಿ ಗಿಟಾರಿನ ಕತ್ತು, ಇನ್ನೊಂದು ಕೈಯಲ್ಲಿ ಅದರ ತಲೆ ಹಿಡಿದು ನಿಂತಿದ್ದರು. ನಡುವೆ ಆರು ತಂತಿಗಳು ಜೋತಾಡುತ್ತಿದ್ದವು.

ಅದು ಅಂಗಡಿಯಿಂದ ತಂದ ಗಿಟಾರಲ್ಲ. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಸ್ವರ ಎಷ್ಟು ಏರುತ್ತದೆ, ಮೂರರಲ್ಲಿ ಎರಡು ಭಾಗಕ್ಕೆ ಒತ್ತಿದರೆ ಎಷ್ಟು ಎಂದು ಆರನೇ ತರಗತಿಯ ಮಕ್ಕಳಿಗೆ ಭಿನ್ನರಾಶಿಯನ್ನು ಕಿವಿಯಿಂದಲೇ ಕಲಿಸಬೇಕೆಂಬ ಹುಚ್ಚು ಮಾಸ್ತರಿಗೆ ಹಿಡಿದಿತ್ತು. ಸಿದ್ದಾಪುರದ ಕಡೆಯವರು, ವಯಸ್ಸಿನ್ನೂ ಮೂವತ್ತು ದಾಟಿಲ್ಲ, ಹುಚ್ಚು ಹಿಡಿಯುವ ಕಾಲವೇ. ಪಕ್ಕೀರವ್ವನನ್ನು ಕೇಳಿ ಖಾಲಿ ಎಣ್ಣೆ ಡಬ್ಬಿಯೊಂದನ್ನು ಪಡೆದು ಅದನ್ನೇ ಗಿಟಾರಿನ ಹೊಟ್ಟೆ ಮಾಡಿದ್ದರು. ಹೊಟ್ಟೆಯದೇನೂ ತಕರಾರಿರಲಿಲ್ಲ. ತಕರಾರೆಲ್ಲ ಕತ್ತು ಮತ್ತು ತಲೆ ಕೂಡುವ ಜಾಗದಲ್ಲಿ. ತಂತಿ ಬಿಗಿಯುವ ಕಿವಿಗಳಿರುವ ಆ ತಲೆ ತುಸು ಹಿಂದಕ್ಕೆ ವಾಲಿರಬೇಕು, ಇಲ್ಲದಿದ್ದರೆ ತಂತಿ ಒತ್ತಿ ಕೂರುವುದಿಲ್ಲ. ವಾಲಿಸಿ ಕೊರೆದರೆ ಆರನೇ ತಂತಿ ಬಿಗಿಯುವಷ್ಟರಲ್ಲಿ ಗಂಟಲ ಹತ್ತಿರವೇ ಲಟಕ್ಕನೆ ಮುರಿಯುತ್ತಿತ್ತು. ಮೊದಲು ಹಳೇ ಡೆಸ್ಕಿನ ಹಲಗೆ ಆಯಿತು, ಆಮೇಲೆ ಬೇವು ಆಯಿತು, ಈಗ ತೇಗದ ಸರದಿ.

"ಸಾಕಾತ್ರಿ ಪಕ್ಕೀರವ್ವ," ಎಂದರು ಮಾಸ್ತರು. "ನಿಮ್ಮ ಡಬ್ಬಿ ನಿಮಗ ವಾಪಸ್ ಕೊಡ್ತೀನಿ. ಬ್ಯಾಳಿ ತುಂಬಿಡ್ರಿ."

"ಅಂಗೈ ಅಗಲ ತೂತು ಕೊರದೀರಿ, ಬ್ಯಾಳಿ ಹೆಂಗ ನಿಂದರತಾವ್ರಿ?" ಎಂದಳು ಪಕ್ಕೀರವ್ವ. ಅವಳ ಕಣ್ಣು ಮಾತ್ರ ಮುರುಕಿನ ಮೇಲೇ ಇತ್ತು. "ಸರ, ಹಲಗ್ಯಾಗ ಎಳಿ ನೆಟ್ಟಗ ಹೋಗ್ಯಾವು. ನೀವು ಡೊಂಕು ಕೊರದೀರಿ. ಎಳಿ ಡೊಂಕಾಗಿಲ್ಲ, ಅಲ್ಲೇ ಕಡಕೊಂಡಾವು. ಹುಟ್ಟಿನಿಂದನ ಡೊಂಕು ಬೆಳದ ಕಟ್ಟಿಗಿ ಬೇಕ್ರಿ ಇದಕ್ಕ. ಹೊಲಾ ಹೂಡೋ ರಂಟಿ ಮಾಡಾಕ ತರ್ತಾರಲ್ಲ, ಹಂಗ."

"ಅಂಥದ್ದು ಎಲ್ಲಿ ಸಿಗತೈತ್ರಿ? ಸಿಕ್ಕರೂ ಕೆತ್ತಾವರು ಯಾರು?"

"ನಾನ ಕೆತ್ತಿ ಕೊಡ್ತೀನ್ರಿ."

ಬಾಯಿ ಜಾರಿ ಬಂದ ಮಾತು. ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಜೊತೆಯ ಅಡುಗೆಯವಳು ಕಾಸೀಮಬೀ ನಕ್ಕುಬಿಟ್ಟಳು. "ಅಕ್ಕಾ, ಮೊನ್ನೆ ಲಟ್ಟಣಿಗಿ ಮುರದಾಕಿ ಯಾರು?" ಎಂದಳು. ಮಕ್ಕಳೂ ನಕ್ಕರು. ಮಾಸ್ತರು ಮಾತ್ರ ನಗಲಿಲ್ಲ. ಎರಡು ವಾರ ಬಿಟ್ಟು ಶನಿವಾರ ಪಾಲಕರ ಸಭೆ ಇತ್ತು. ಅಷ್ಟರೊಳಗೆ ಆದರೆ ಎಲ್ಲರ ಮುಂದೆ ಬಾರಿಸುತ್ತೇನೆ ಎಂದರು. ಮುರಿದರೆ ಎಲ್ಲರ ಮುಂದೆಯೇ ಮುರಿಯುತ್ತದೆ ಎಂಬುದು ಪಕ್ಕೀರವ್ವನಿಗೆ ಆಮೇಲೆ ಹೊಳೆಯಿತು.

ಪಕ್ಕೀರವ್ವ ಯಲಬುರ್ಗಾ ಕಡೆಯ ತಳಕಲ್ಲಿನ ಓಬಳೆಪ್ಪನ ಮಗಳು. ಓಬಳೆಪ್ಪ ಬಡಿಗೇರ ಮನೆತನದವನಲ್ಲ. ಚಿಕ್ಕಂದಿನಲ್ಲಿ ಬಡಿಗೇರ ಮನೆಗೆ ಕೂಲಿಗೆ ಸೇರಿ, ಕಟ್ಟಿಗೆ ಹೊತ್ತು ಹಾಕುತ್ತಲೇ ನೋಡಿ ಕಲಿತವನು. ಆ ಮನೆಯ ಮುದುಕ ಕೊನೆಗಾಲದಲ್ಲಿ ಮಕ್ಕಳನ್ನೆಲ್ಲ ಬಿಟ್ಟು ತನ್ನ ಬಾಚಿಯನ್ನು ಇವನ ಕೈಗೆ ಕೊಟ್ಟ. ಒಳಕ್ಕೆ ಬಾಗಿದ ಅಲಗಿನ ಆ ಬಾಚಿಯಿಂದ ಓಬಳೆಪ್ಪ ನಲವತ್ತು ವರ್ಷ ಕಟ್ಟಿಗೆ ಕೆತ್ತಿದ. ಎತ್ತು ಹೂಡುವ ಕಾಲದಲ್ಲಿ ಅವನ ರಂಟೆ ಡೊಂಕಿನಲ್ಲಿ ಮುರಿಯುವುದಿಲ್ಲವೆಂದು ಕುಷ್ಟಗಿ ಕಡೆಯಿಂದಲೂ ರೈತರು ಹುಡುಕಿಕೊಂಡು ಬರುತ್ತಿದ್ದರು.

ಆದರೆ ಆ ಡೊಂಕುಗಳನ್ನು ಹುಡುಕುತ್ತಿದ್ದದ್ದು ಓಬಳೆಪ್ಪನಲ್ಲ. ಎಂಟು ವರ್ಷದವಳಿದ್ದಾಗಿನಿಂದ ಮದುವೆಯಾಗುವ ತನಕ ಪಕ್ಕೀರವ್ವ ಉರುವಲು ತರಲು ಹಳ್ಳದ ದಂಡೆಗೆ ಹೋಗುತ್ತಿದ್ದಳು. ಜಾಲಿ ಮರದಲ್ಲಿ ಸರಿಯಾದ ಡೊಂಕು ಕಂಡರೆ ಆ ಕೊಂಬೆಗೆ ಹಳೇ ಸೀರೆಯ ಚೂರು ಕಟ್ಟಿ ಬರುತ್ತಿದ್ದಳು. ಮರುದಿನ ಅಪ್ಪ ಕೊಡಲಿ ಹಿಡಿದು ಹೋಗಿ ಚೂರು ಕಟ್ಟಿದ್ದನ್ನೇ ಕಡಿದು ತರುತ್ತಿದ್ದ. ರೈತರು ಕಟ್ಟೆಯ ಮೇಲೆ ಕೂತು "ಡೊಂಕು ಅಂದ್ರ ಓಬಳೆಪ್ಪಂದು ನೋಡು" ಎಂದು ಹೊಗಳುವಾಗ ಪಕ್ಕೀರವ್ವ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಒಂದು ದಿನವಾದರೂ ಅಪ್ಪ "ನನ್ನ ಮಗಳು ಆರಿಸಿದ್ದು" ಎಂದಾನು ಎಂದು ಕಾದಳು. ಅನ್ನಲಿಲ್ಲ. ಒಮ್ಮೆ ಬಾಚಿಯನ್ನು ಕೈಗೆತ್ತಿಕೊಂಡಾಗ "ಹೆಣ್ಮಕ್ಕಳು ಬಾಚಿ ಹಿಡೀಬಾರದು, ಇಡು ಕೆಳಗ" ಎಂದು ಗದರಿದ್ದು ಮಾತ್ರ ಉಳಿಯಿತು. ಈಗ ಅವಳಿಗೆ ನಲವತ್ತೇಳು. ಆ ಗದರಿಕೆ ಇನ್ನೂ ಹೊಟ್ಟೆಯಲ್ಲಿ ಕರಗಿರಲಿಲ್ಲ.

ಕಟ್ಟಿಗೆ ಸಿಕ್ಕಿದ್ದು ಶಾಲೆಯ ಅಡುಗೆ ಕೋಣೆಯ ಹಿತ್ತಲಲ್ಲೇ. ಗ್ಯಾಸ್ ಬರುವ ಮೊದಲು ತರಿಸಿದ ಸೌದೆ ಏಳೆಂಟು ವರ್ಷದಿಂದ ತಗಡಿನ ಕೆಳಗೆ ಒಣಗುತ್ತ ಬಿದ್ದಿತ್ತು. ವರ್ಷಕ್ಕೊಮ್ಮೆ ಬೆಕ್ಕು ಅಲ್ಲಿ ಮರಿ ಹಾಕುವುದು ಬಿಟ್ಟರೆ ಯಾರಿಗೂ ಅದರ ಉಸಾಬರಿ ಇರಲಿಲ್ಲ. ಪಕ್ಕೀರವ್ವ ಎರಡು ಮಧ್ಯಾಹ್ನ ಸೆರಗು ಬಿಗಿದು ರಾಶಿಯನ್ನೆಲ್ಲ ತಿರುವಿ ಹಾಕಿದಳು. ಚೇಳು ಬಂದರೆ ಇರಲಿ ಎಂದು ಕಾಸೀಮಬೀ ಕಸಬರಿಗೆ ಹಿಡಿದು ದೂರ ನಿಂತಿದ್ದಳು, ಬಾಯಿ ಮಾತ್ರ ಹತ್ತಿರವಿತ್ತು. ಎರಡನೇ ದಿನ ತಳದಲ್ಲಿ ಮೂರು ಮೊಳದ ಜಾಲಿಯ ತುಂಡೊಂದು ಕೈಗೆ ಬಂತು. ಬಹುಪಾಲು ನೆಟ್ಟಗೆ ಬೆಳೆದು, ಒಂದು ತುದಿಯಲ್ಲಿ ಮಾತ್ರ ಹಗ್ಗ ಜಗ್ಗಿದ ಕರುವಿನ ಕತ್ತಿನಷ್ಟು ಹಿಂದಕ್ಕೆ ವಾಲಿತ್ತು. ಕಲ್ಲಿನಿಂದ ತಟ್ಟಿ ನೋಡಿದಳು, ಗಟ್ಟಿ ಸದ್ದು ಬಂತು. ಹುಳ ಬಿದ್ದಿರಲಿಲ್ಲ. ಪಕ್ಕೀರವ್ವನಿಗೆ ಎಷ್ಟು ಖುಷಿಯಾಯಿತೆಂದರೆ, ಯಾರೂ ಕಡಿದುಕೊಂಡು ಹೋಗುವವರಿಲ್ಲದಿದ್ದರೂ ಒರೆಸುವ ಬಟ್ಟೆಯನ್ನು ಹರಿದು ಅದಕ್ಕೊಂದು ಚೂರು ಕಟ್ಟಿದಳು.

ಅದೇ ವಾರ ತಮ್ಮ ದುರಗೇಶ ಅಪ್ಪನನ್ನು ಕರೆತಂದ. ಊರಿನಲ್ಲಿ ಪಂಚಾಯಿತಿಯ ನೀರು ಬಿಡುವ ಕೆಲಸ ಅವನದು, ರಜೆ ಸಿಗುವುದು ಕಷ್ಟ. ಕೊಪ್ಪಳದಲ್ಲಿ ಅಪ್ಪನ ಕಣ್ಣಿನ ಪೊರೆ ತೆಗೆಸಿ, ಹನಿ ಹಾಕುವುದು ಮುಗಿಯುವ ತನಕ ಅಕ್ಕನ ಮನೆಯಲ್ಲಿರಲಿ ಎಂದು ಬಿಟ್ಟುಹೋದ. ಓಬಳೆಪ್ಪ ಕರಿ ಕನ್ನಡಕ ಹಾಕಿಕೊಂಡು ಪಡಸಾಲೆಯ ಮಂಚದ ಮೇಲೆ ಕೂತ. ಕೂತ ಮೊದಲ ದಿನವೇ ಪಕ್ಕೀರವ್ವ ಕೇಳಿದಳು.

"ಯಪ್ಪಾ, ನಿನ್ನ ಬಾಚಿ ಬೇಕಾಗಿತ್ತು."

"ಯಾರಿಗೆ?"

"ನನಗ. ಸಾಲ್ಯಾಗ ಒಂದು ಗಿಟಾರಿನ ಕತ್ತು ಕೆತ್ತಬೇಕು."

"ಹೆಣ್ಮಕ್ಕಳು ಬಾಚಿ ಹಿಡೀಬಾರದು ಅಂತ ಹೇಳಿಲ್ಲೇನ ನಾನು?"

"ನಿನಗ ಯಾರು ಕೊಟ್ಟಿದ್ರು ಯಪ್ಪಾ? ನೀ ಏನ ಬಡಿಗೇರ ಮನ್ಯಾಗ ಹುಟ್ಟಿದ್ದೇನು?"

ಆಪರೇಷನ್ ಆದ ಮುದುಕನಿಗೆ ಹಾಗೆ ಅನ್ನಬಾರದಿತ್ತು. ಆದರೆ ಮೂವತ್ತು ವರ್ಷ ಬಿಟ್ಟು ಅಂದದ್ದು, ಅನ್ನದೇ ಇದ್ದರೆ ಅದೂ ತಪ್ಪಾಗುತ್ತಿತ್ತು. ಓಬಳೆಪ್ಪ ಎರಡು ದಿನ ಮಾತಾಡಲಿಲ್ಲ. ರೊಟ್ಟಿ ಬೇಕೇ ಎಂದರೆ ತಲೆಯಾಡಿಸುತ್ತಿದ್ದ, ಸಾಕೇ ಎಂದರೂ ತಲೆಯಾಡಿಸುತ್ತಿದ್ದ. ಗಾರೆ ಕೆಲಸದ ಗಂಡ ಮರಿಸ್ವಾಮಿ, ಅಪ್ಪ ಮಗಳ ನಡುವೆ ತಾನ್ಯಾಕೆ ಸಿಕ್ಕಿಕೊಳ್ಳಲಿ ಎಂದು ದಿನಕ್ಕಿಂತ ಒಂದು ತಾಸು ಮೊದಲೇ ಕೆಲಸಕ್ಕೆ ಹೋಗತೊಡಗಿದ.

ಪಕ್ಕೀರವ್ವ ಇದ್ದದ್ದರಲ್ಲೇ ಶುರು ಮಾಡಿದಳು. ಗಂಡನ ಗರಗಸ, ಮನೆಯ ಕುಡಗೋಲು, ಒಂದಿಷ್ಟು ಉಜ್ಜುವ ಕಾಗದ. ಶಾಲೆಯಿಂದ ಬಂದ ಮೇಲೆ, ಧೂಳು ಅಪ್ಪನ ಕಣ್ಣಿಗೆ ತಾಗದಂತೆ ಹಿತ್ತಲಲ್ಲಿ ಕೂತು ಕೆರೆಯುತ್ತಿದ್ದಳು. ನೆಟ್ಟಗಿದ್ದ ಭಾಗ ಮಾತು ಕೇಳಿತು. ಡೊಂಕಿಗೆ ಬಂದಾಗ ಕುಡಗೋಲು ಸಿಕ್ಕಿಕೊಂಡು ಸಿಬಿರು ಏಳತೊಡಗಿತು. ಇನ್ನೊಂದು ಸಲ ಒತ್ತಿ ಎಳೆದಳು. ಒಳಗಿನಿಂದ ಕೂಗು ಬಂತು.

"ಪಕ್ಕೀರೀ, ಎಳಿ ವಿರುದ್ಧ ಕೆರಿಯಾಕ ಹತ್ತಿಯಲ್ಲ. ಡೊಂಕಿನ ಮಟ ಈ ಕಡಿಂದ ಬಾ, ಅಲ್ಲಿ ನಿಲ್ಲು. ಮುಂದಿಂದು ಆ ಕಡಿಂದ ಬಾ. ಕಟ್ಟಿಗಿ ಚೀರಾಕ ಹತ್ತೈತಿ, ಕೇಳಸವಲ್ದೇನು ನಿನಗ?"

ಮಗಳ ಮೇಲೆ ಮುನಿಸಿಕೊಂಡು ಇರಬಲ್ಲ ಮುದುಕನಿಗೆ ಕಟ್ಟಿಗೆಯ ಸಂಕಟ ಕೇಳಿಕೊಂಡು ಇರಲು ಆಗಲಿಲ್ಲ. "ತಾ ಇಲ್ಲಿ" ಎಂದ. ಪಕ್ಕೀರವ್ವ ತುಂಡನ್ನು ಒರೆಸಿ ಅವನ ತೊಡೆಯ ಮೇಲಿಟ್ಟಳು. ಓಬಳೆಪ್ಪ ಉದ್ದಕ್ಕೂ ಕೈಯಾಡಿಸಿದ. ಹೆಬ್ಬೆರಳು ಡೊಂಕಿಗೆ ಬಂದು ನಿಂತಿತು, ದಾಟಿ ಹೋಯಿತು, ಮತ್ತೆ ಹಿಂದಕ್ಕೆ ಬಂತು.

"ಎಲ್ಲಿ ಸಿಕ್ತು?"

"ಸಾಲಿ ಕಟ್ಟಿಗಿ ರಾಶ್ಯಾಗ."

"ಯಾರು ಆರಿಸಿದ್ರು?"

"ಯಾರು ಆರಸ್ತಾರ ಯಪ್ಪಾ? ನಾನ."

ಓಬಳೆಪ್ಪ ತುಂಡನ್ನು ತೊಡೆಯ ಮೇಲೆ ತಿರುವಿ ಇಟ್ಟುಕೊಂಡ. "ನನಗ ಒಂದೂ ಸಿಕ್ಕಿದ್ದಿಲ್ಲ," ಎಂದ ಆಮೇಲೆ. "ನಾ ಒಬ್ಬನ ಹಳ್ಳಕ್ಕ ಹೋದ್ರ ಬರೇ ಗಿಡ ಕಾಣ್ತಿದ್ವು. ನಿನ್ನ ಸೀರಿ ಚೂರು ನೋಡಿದ ಮ್ಯಾಲೆ ಡೊಂಕು ಕಾಣ್ತಿತ್ತು."

"ಇದನ್ನ ಮಂದಿ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನನಗೇನ ಉಳೀತಿತ್ತವ್ವಾ? ಬಡಿಗೇರ ಅಲ್ಲದ ಬಡಿಗ ನಾನು. ಬಾಚಿ ಮಂದೀದು. ಡೊಂಕೂ ನಂದಲ್ಲ ಅಂದ್ರ ಯಾವ ಮುಖ ಇಟ್ಕೊಂಡು ಕಟ್ಟಿ ಮ್ಯಾಲೆ ಕುಂದರಲಿ?"

ಪಕ್ಕೀರವ್ವನಿಗೆ ಸಿಟ್ಟು ಬರಬೇಕಿತ್ತು. ಅಳು ಬಂತು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ಓಬಳೆಪ್ಪ ಮರಿಸ್ವಾಮಿಯ ಫೋನಿನಿಂದ ದುರಗೇಶನಿಗೆ ಹೇಳುತ್ತಿದ್ದ: ನಾಳೆ ಮುಂಜಾನೆ ಬಸ್ಸಿಗೆ ಬಾಚಿ ಕಳಿಸು, ಗೋಣಿಚೀಲ ಸುತ್ತು, ಅಲಗು ಯಾರಿಗೂ ತಾಗಬಾರದು.

ಬಾಚಿ ಬಂತು. ಅದರ ಮರದ ಹಿಡಿಕೆ, ಅಂದರೆ ಕಾವು, ಓಬಳೆಪ್ಪನ ಕೈಗೆ ಮಾಡಿದ್ದು, ದಪ್ಪ. ಅವನ ಹೆಬ್ಬೆರಳು ಕೂತು ಕೂತು ಗುಳಿ ಬಿದ್ದಿತ್ತು. ಪಕ್ಕೀರವ್ವನ ಹಿಡಿತಕ್ಕೆ ಅದು ಹೊಂದಲಿಲ್ಲ, ಮೂರು ದಿನದಲ್ಲಿ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಆದರೂ ಕೆತ್ತಿದಳು. ಓಬಳೆಪ್ಪ ಒಳಗೆ ಕೂತು ಸದ್ದಿನಿಂದಲೇ ತಪ್ಪು ಹಿಡಿಯುತ್ತಿದ್ದ. ಕತ್ತು ಆಯಿತು, ತಲೆ ಆಯಿತು, ಆರು ಕಿವಿಗೆ ಆರು ತೂತೂ ಆದವು. ಮುಗಿಯಿತೆಂದು ತಂದು ಕೊಟ್ಟರೆ ಅಪ್ಪ ಹಿಡಿದು ನೋಡಿ ಮುಖ ಸಿಂಡರಿಸಿದ.

"ಇದೇನ ರಂಟಿ ಮಾಡೀ ಏನ? ಇಷ್ಟು ದಪ್ಪ ಯಾಕ?"

"ತೆಳ್ಳಗ ಮಾಡಿ ಮುರದ್ರ?"

"ಎಳಿ ತಿರಗ್ಯಾವು, ಮುರಿಯಂಗಿಲ್ಲ. ಬಾರಸಾವರ ಕೈ ಅಳತಿ ತಂದೀ ಇಲ್ಲೋ?"

ಪಕ್ಕೀರವ್ವ ತಲೆ ಚಚ್ಚಿಕೊಂಡಳು. ಕೊಡಲಿಯಿರಲಿ, ಬಾಚಿಯಿರಲಿ, ಕಾವು ಹಾಕುವ ಮೊದಲು ಅದನ್ನು ಹಿಡಿಯುವವರ ಅಂಗೈಗೆ ದಾರ ಸುತ್ತಿ ಅಳತೆ ತೆಗೆಯುವುದು ಅಪ್ಪನ ಪದ್ಧತಿ. ಎಷ್ಟು ಸಲ ಆ ದಾರ ಹಿಡಿದುಕೊಂಡು ತಾನೇ ನಿಂತಿದ್ದಳೋ, ಮುರಿಯುವ ಹೆದರಿಕೆಯಲ್ಲಿ ಅದೇ ಮರೆತುಹೋಗಿತ್ತು. ಮರುದಿನ ಶಾಲೆಯಲ್ಲಿ ಮಾಸ್ತರ ಎಡಗೈಗೆ ದಾರ ಸುತ್ತಿದಳು. ಬಳೆ ತೊಡಿಸುತ್ತೀಯೇನು ಎಂದು ಕಾಸೀಮಬೀ ಕೇಳಿದಳು, ಮಾಸ್ತರ ಕಿವಿ ಕೆಂಪಾಯಿತು. ಅವತ್ತು ಸಂಜೆ ದಾರದ ಅಳತೆಗೆ ಕತ್ತು ತೆಳ್ಳಗಾಯಿತು. ತೆಳ್ಳಗಾದಷ್ಟೂ ಪಕ್ಕೀರವ್ವನಿಗೆ ಮುರಿಯುವ ಹೆದರಿಕೆ ಹೆಚ್ಚುತ್ತಿತ್ತು.

ಶನಿವಾರ ಪಾಲಕರೆಲ್ಲ ಚಾಪೆಯ ಮೇಲೆ ಕೂತರು. ಮಾಸ್ತರು ಎಲ್ಲರೆದುರೇ ತಂತಿ ಬಿಗಿಯತೊಡಗಿದರು. ಮೂರು ಆದವು, ನಾಲ್ಕು ಆದವು. ಕಾಸೀಮಬೀ ಚೇಷ್ಟೆ ಬಿಟ್ಟು ಪಕ್ಕೀರವ್ವನ ಮೊಣಕೈ ಹಿಡಿದುಕೊಂಡಿದ್ದಳು. ಆರನೆಯದು ಬಿಗಿಯುವಾಗ ಕಿರ್ರೆಂದು ಸದ್ದಾಯಿತು. ಪಕ್ಕೀರವ್ವ ಕಣ್ಣು ಮುಚ್ಚಿದಳು.

"ಡಬ್ಬಿ ಸಪ್ಪಳ್ರಿ, ಕತ್ತು ಅಲ್ಲ," ಎಂದರು ಮಾಸ್ತರು.

ಅವರು ತಂತಿ ಮೀಟಿದರು. ಅರ್ಧಕ್ಕೆ ಒತ್ತಿ ಮತ್ತೆ ಮೀಟಿದರು. ಎಣ್ಣೆ ಡಬ್ಬಿಯ ದನಿ ತುಸು ತಗಡು ತಗಡಾಗಿಯೇ ಇತ್ತು, ಆದರೆ ಮೇಲಿನ ಸ್ವರ ಎಲ್ಲಿ ಬರಬೇಕೋ ಅಲ್ಲೇ ಬಂತು. "ಅರ್ಧ!" ಎಂದು ಆರನೇ ತರಗತಿ ಒಟ್ಟಿಗೆ ಕೂಗಿತು. ಈ ಕತ್ತು ಕೆತ್ತಿದವರು ನಮ್ಮ ಪಕ್ಕೀರವ್ವ ಎಂದು ಮಾಸ್ತರು ಹೇಳಿದಾಗ ಅವಳು ಅನ್ನ ಇಳಿಸುವ ನೆಪ ಮಾಡಿ ಅಡುಗೆ ಕೋಣೆಗೆ ಓಡಿದಳು.

ಮನೆಗೆ ಬಂದಾಗ ಓಬಳೆಪ್ಪ ಕೇಳಿದ್ದು ಒಂದೇ ಮಾತು. "ಮುರೀತೇನು?"

"ಇಲ್ಲ ಯಪ್ಪಾ."

ಮುಂದಿನ ಸೋಮವಾರ ದುರಗೇಶ ಅಪ್ಪನನ್ನು ಕರೆದೊಯ್ಯಲು ಬಂದ. ಪಕ್ಕೀರವ್ವ ಬಾಚಿಯನ್ನು ಒರೆಸಿ ಗೋಣಿಚೀಲದಲ್ಲಿ ಸುತ್ತಿಡಲು ಹೋದರೆ, ಮಂಚದ ಕೆಳಗೆ ಅಲಗು ಒಂದು ಕಡೆ, ಕಾವು ಒಂದು ಕಡೆ ಬಿದ್ದಿತ್ತು. ನಲವತ್ತು ವರ್ಷ ಬದಲಾಗದ ಕಾವು. ಅವಳು ಗಾಬರಿಯಾಗಿ ಅಪ್ಪನ ಕಡೆ ನೋಡಿದಳು.

"ನಾನ ಕಳಚೀನಿ," ಎಂದ ಓಬಳೆಪ್ಪ. "ಹಳೇ ಕಾವು ಅಷ್ಟ ಚೀಲಕ್ಕ ಹಾಕು, ಒಯ್ತೀನಿ. ಜಾಲಿ ತುಂಡು ಮೊಳದಷ್ಟು ಉಳದೈತಲ್ಲ, ತಾ."

"ಯಪ್ಪಾ, ಬಸ್ಸು ಹೋಗತೈತಿ," ಎಂದ ದುರಗೇಶ.

"ಇನ್ನೊಂದು ಬರತೈತಿ, ಕುಂದರು."

ಪಕ್ಕೀರವ್ವ ತುಂಡು ತಂದಳು. ಓಬಳೆಪ್ಪ ಅದನ್ನು ಪಕ್ಕಕ್ಕಿಟ್ಟು, ಅಂಗಿಯ ಜೇಬಿನಿಂದ ಒಂದು ದಾರ ತೆಗೆದ.

"ಕೈ ಕೊಡವ್ವಾ," ಎಂದ.

ಬೊಬ್ಬೆ ಒಡೆದ ಆ ಅಂಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ನೋವಾಗದಂತೆ ನಿಧಾನವಾಗಿ ದಾರ ಸುತ್ತಿ ಅಳತೆ ತೆಗೆದುಕೊಂಡ.